ಸೆಕೆಂಡ್‌ಹ್ಯಾಂಡ್ ಕ್ಯಾಬಿನ್ ಬೋಟ್: ಮೊದಲು ಏನು ನೋಡಬೇಕು?

ದಾವಣಗೆರೆ, ಚಿತ್ರದುರ್ಗದ ಕಡೆಯವರು ಪದೇ ಪದೇ ಕೇಳುವುದಿದು: ಸೂಳೆಕೆರೆಗೂ ವಾಣಿವಿಲಾಸ ಸಾಗರಕ್ಕೂ ಆಗಬೇಕು, ಮಳೆಗಾಲ ಮುಗಿದ ಮೇಲೆ ಕಾರವಾರಕ್ಕೂ ಎಳೆದುಕೊಂಡು ಹೋಗುವಂತಿರಬೇಕು, ಹಳೇ ಕ್ಯಾಬಿನ್ ಬೋಟ್ ಯಾವುದು ತಗೊಳ್ಳೋಣ?

ಕಂಪನಿ ಹೆಸರು, ಸೀಟಿನ ಕುಶನ್ ಆಮೇಲೆ. ಮೊದಲು ಬೋಟಿನ ಹಿಂದಕ್ಕೆ ಹೋಗಿ ನಿಲ್ಲಿ. ಎಂಜಿನ್ ಹೊತ್ತ ಹಿಂಬದಿ ಗೋಡೆಗೆ ಟ್ರಾನ್ಸಮ್ ಅಂತಾರೆ. ಹಳೇ ಬೋಟುಗಳಲ್ಲಿ ಸಾಮಾನ್ಯವಾಗಿ ಎರಡು ಪದರ ಫೈಬರ್ ನಡುವೆ ಪ್ಲೈವುಡ್ ಇರುತ್ತೆ. ಏಣಿಗೋ ಡ್ರೈನ್ ಪ್ಲಗ್ಗಿಗೋ ಕೊರೆದ ತೂತಿನ ಸೀಲೆಂಟ್ (ನೀರು ತಡೆಯುವ ಅಂಟು) ಬಿರುಕುಬಿಟ್ಟರೆ ನೀರು ಒಳಗೆ ಸೇರಿ ಮರ ಕೊಳೆಯುತ್ತೆ. ನಮ್ಮ ಬಯಲುಸೀಮೆ ಬಿಸಿಲಿಗೆ ಹೊರಗೆಲ್ಲ ಒಣಗಿ ಗಟ್ಟಿಯಾಗೇ ಕಾಣುತ್ತೆ, ಅದಕ್ಕೇ ಕಣ್ಣನ್ನು ನಂಬಬೇಡಿ. ಪ್ಲಾಸ್ಟಿಕ್ ಸುತ್ತಿಗೆಯಿಂದ ನಾಲ್ಕು ಬೆರಳಿಗೊಂದರಂತೆ ತಟ್ಟುತ್ತಾ ಬನ್ನಿ, ತೂತುಗಳ ಸುತ್ತ ಹೆಚ್ಚು ನಿಧಾನವಾಗಿ. ಟಣ್ ಅಂದರೆ ಸರಿ. ದಬ್ ಅಂದರೆ ಒಳಗೆ ಮರ ಹೋಗಿದೆ. ಆಮೇಲೆ ಔಟ್‌ಬೋರ್ಡ್ ಎಂಜಿನ್ನನ್ನು, ಅಂದರೆ ಟ್ರಾನ್ಸಮ್ಮಿಗೆ ಹೊರಗಿನಿಂದ ತೂಗುಹಾಕಿದ ಎಂಜಿನ್ನನ್ನು, ಅರ್ಧ ಎತ್ತಿ, ಕೆಳತುದಿ ಹಿಡಿದು ಮೇಲೆ ಕೆಳಗೆ ಅಲ್ಲಾಡಿಸಿ. ಇನ್ನೊಬ್ಬರು ಟ್ರಾನ್ಸಮ್ಮಿನ ಮೇಲಂಚು ನೋಡಲಿ. ಗೋಡೆಯೇ ಬಾಗಿದರೆ ಎಷ್ಟೇ ಅಗ್ಗವಾದರೂ ಬಿಟ್ಟು ಬನ್ನಿ. ಅದನ್ನು ಸರಿಮಾಡಲು ಫೈಬರ್ ಬಿಚ್ಚಿ ಮರ ಪೂರ್ತಿ ಬದಲಿಸಬೇಕು.

ಎಂಜಿನ್ ಹಿಂದಿನ ದಿನದಿಂದ ನಿಂತಿರಲಿ, ಗೇರ್ ಆಯಿಲ್‌ನಲ್ಲಿ ನೀರು ಸೇರಿದ್ದರೆ ತಳಕ್ಕೆ ಇಳಿದಿರುತ್ತೆ. ಗೇರ್ ಆಯಿಲ್‌ನ ಕೆಳಗಿನ ಸ್ಕ್ರೂ ಸ್ವಲ್ಪವೇ ಸಡಿಲಿಸಿ ಮೊದಲ ಹನಿಗಳನ್ನು ಬಿಳಿ ಬಟ್ಟೆ ಮೇಲೆ ಹಿಡಿಯಿರಿ. ನೀರು ಬಂದರೆ, ಇಲ್ಲವೇ ಆಯಿಲ್ ಹಾಲು ಹಾಕಿದ ಕಾಫಿ ಬಣ್ಣಕ್ಕಿದ್ದರೆ ಸೀಲ್ ಹೋಗಿದೆ. ಕಂಪ್ರೆಷನ್ (ಸಿಲಿಂಡರಿನೊಳಗಿನ ಒತ್ತಡ) ಎಲ್ಲ ಸಿಲಿಂಡರಿನಲ್ಲೂ ಶೇ. 10ರ ಅಂತರದೊಳಗಿರಬೇಕು. ಸಮುದ್ರಕ್ಕೆ ಔಟ್‌ಬೋರ್ಡೇ ಒಳ್ಳೆಯದು: ನೀರಿನಿಂದ ಎತ್ತಬಹುದು, ಸಿಹಿನೀರು ಹಾಯಿಸಿ ತೊಳೆಯಬಹುದು. ಉಪ್ಪುನೀರಿನಿಂದಲೇ ತಂಪಾಗುವ ಒಳ ಎಂಜಿನ್ ಆದರೆ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಹೋಗುವ ಕೊಳವೆ) ಒಳಗಿನಿಂದಲೇ ತುಕ್ಕು ತಿಂದಿರಬಹುದು. ಹೊರಗಿನಿಂದ ಗೊತ್ತಾಗುವುದಿಲ್ಲ.

ಟ್ರೈಲರ್ ವಿಷಯದಲ್ಲೇ ಹೆಚ್ಚು ಜನ ಮೋಸಹೋಗುವುದು. ಜಾಹೀರಾತಿನಲ್ಲಿರುವುದು ಬರೀ ಬೋಟಿನ ತೂಕ. 150 ಲೀಟರ್ ಪೆಟ್ರೋಲ್ ಅಂದರೆ 110 ಕೆ.ಜಿ.; ಬ್ಯಾಟರಿ, ಲಂಗರು, ಕುಡಿಯುವ ನೀರು, ಟ್ರೈಲರ್ ಸೇರಿಸಿ ಕೂಡಿ, ನಿಮ್ಮ ಗಾಡಿಯ ಎಳೆಯುವ ಮಿತಿಗೆ ಹೋಲಿಸಿ. ಟ್ರೈಲರ್ ಮೇಲಿಟ್ಟ ಬೋಟಿನ ಅಗಲ 2.6 ಮೀಟರ್ ದಾಟಬಾರದು. ಟೈರಿನ ಮೇಲೆ 2319 ಅಂತಿದ್ದರೆ 2019ರ 23ನೇ ವಾರದ್ದು. ಆರು ವರ್ಷ ದಾಟಿದ್ದನ್ನು, ಟೈರಿನ ಬಟನ್ ಸವೆಯದಿದ್ದರೂ, ಬದಲಿಸಿ. ಕಾರವಾರಕ್ಕೆ ಹುಬ್ಬಳ್ಳಿ, ಯಲ್ಲಾಪುರದ ಮೇಲೆ ಅರಬೈಲ್ ಘಾಟಿ ಇಳಿಯಬೇಕು, ಟ್ರೈಲರಿಗೆ ಅದರದೇ ಬ್ರೇಕ್ ಬೇಕೇ ಬೇಕು. ಆಗುಂಬೆ ತಿರುವುಗಳಿಗೆ ಇದನ್ನು ಒಯ್ಯಲೇಬೇಡಿ.

ದೂರ ಓಡಿ ಬಂದ ಕೂಡಲೇ ನೀರಿಗಿಳಿಸಬೇಡಿ. ಟ್ರೈಲರ್ ಚಕ್ರದ ನಡುವಿನ ಬಿಸಿ ಹಬ್ ತಣ್ಣೀರಿಗೆ ಬಿದ್ದರೆ ಒಳಗಿನ ಗಾಳಿ ಕುಗ್ಗಿ, ಸೀಲ್ ಮೂಲಕ ನೀರು ಎಳೆದುಕೊಂಡು ಬೇರಿಂಗ್ ಗ್ರೀಸ್ ಕೆಡುತ್ತೆ. ಹಬ್ ಮೇಲೆ ಅಂಗೈ ಇಟ್ಟು ನೋಡಿ, ಬೆಚ್ಚಗಿದ್ದರೆ ಇನ್ನೂ ಕಾಯಿರಿ. ಜಲಾಶಯದ ಅನುಮತಿಯನ್ನಂತೂ ಮನೆ ಬಿಡುವ ಮೊದಲೇ ಪಡೆದಿರಬೇಕು.