ಗಿಡ್ಡ ಹುಲ್ಲಿನ ಬಯಲು: ಮೂರನೆಯ ವರ್ಷದ ಲೆಕ್ಕ

ಏಪ್ರಿಲ್ 5

ನನ್ನ ನೋಟ್‌ಬುಕ್ಕಿನ ಹಿಂಬದಿಯಲ್ಲಿ ‘ಕಂದು ಹಕ್ಕಿ, ಯಾವುದೋ’ ಎಂಬ ಪಟ್ಟಿ ಇದೆ. ಮೊದಲ ವರ್ಷ ಅದರಲ್ಲಿ 64 ಗೆರೆಗಳಿದ್ದವು, ಕಳೆದ ವರ್ಷ 31. ಈ ವರ್ಷ ಹತ್ತರೊಳಗೆ ಇಳಿಸಬೇಕೆಂಬ ಹಟ ನನ್ನದು. ಇನ್ನೊಂದು ಹಳೆಯ ಬಾಕಿ ಮೌಂಟನ್ ಪ್ಲವರ್. ಎರಡು ವರ್ಷ ಹುಡುಕಿದರೂ ಅದರ ಒಂದು ಗರಿ ಕೂಡ ಕಂಡಿಲ್ಲ.

ಜಾಗ ಅದೇ, ಕೊಲರಾಡೋದ ಈಶಾನ್ಯ ಮೂಲೆಯ ಪಾನೀ ರಾಷ್ಟ್ರೀಯ ಹುಲ್ಲುಗಾವಲು. ನಾನಿರುವ ಫೋರ್ಟ್ ಕಾಲಿನ್ಸ್‌ನಿಂದ ಹೆದ್ದಾರಿ 14ರಲ್ಲಿ ಪೂರ್ವಕ್ಕೆ ಸುಮಾರು ಒಂದು ತಾಸು. ಒಟ್ಟು 1.93 ಲಕ್ಷ ಎಕರೆ ಎನ್ನುತ್ತಾರೆ, ಆದರೆ ಒಂದೇ ತುಂಡಲ್ಲ. ಚದುರಂಗದ ಹಾಸಿನಂತೆ ಸರ್ಕಾರದ ಮನೆಯೊಂದು, ಖಾಸಗಿ ಮನೆಯೊಂದು. 1930ರ ದಶಕದಲ್ಲಿ ಉತ್ತ ಮಣ್ಣೆಲ್ಲ ಗಾಳಿಗೆ ಎದ್ದುಹೋಗಿ ರೈತರು ಊರು ಬಿಟ್ಟಾಗ ಸರ್ಕಾರ ಕೊಂಡುಕೊಂಡ ಹೊಲಗಳು ಇವು. ಎಲ್ಲಿ ಬೇಲಿಯೋ ಅಲ್ಲಿ ನಾನು ಕಾರಿನೊಳಗೆ. ಕಾರಿಗೆ ಹಕ್ಕಿಗಳು ಹೆದರುವುದಿಲ್ಲ, ಬಾಗಿಲು ತೆರೆದು ಕಾಲು ಹೊರಗಿಟ್ಟರೆ ಮುಗಿಯಿತು.

ಇವತ್ತು ಬ್ರಿಗ್ಸ್‌ಡೇಲ್‌ನ ಉತ್ತರಕ್ಕೆ ಐದು ತಾಸು ಕಳೆದೆ. ಕಂಡದ್ದೆಲ್ಲ ಹಾರ್ನ್ಡ್ ಲಾರ್ಕ್, ನಮ್ಮ ನೆಲಗುಬ್ಬಿಯ ಕುಟುಂಬದ್ದು. ಇದರದೇ ಹಿಂಡಿನಲ್ಲಿ ದಪ್ಪ ಕೊಕ್ಕಿನ ಲಾಂಗ್‌ಸ್ಪರ್ ಸೇರಿಕೊಂಡಿರುತ್ತದೆ ಎಂಬುದೇ ನನ್ನ ಹಳೆಯ ತಲೆನೋವು. ಸಮಾಧಾನದ ಸಂಗತಿಯೆಂದರೆ ವಿಜ್ಞಾನಕ್ಕೆ ಈ ಹಕ್ಕಿ ಸಿಕ್ಕಿದ್ದೂ ಹಾಗೆಯೇ. 1851ರಲ್ಲಿ ಮೆಕೌನ್ ಎಂಬ ಸೇನಾಧಿಕಾರಿ ಟೆಕ್ಸಾಸ್‌ನಲ್ಲಿ ಲಾರ್ಕ್ ಹಿಂಡಿಗೆ ಗುಂಡು ಹೊಡೆದಾಗ ಸತ್ತವುಗಳ ನಡುವೆ ಇದೂ ಬಿದ್ದಿತ್ತು. ಬಹುಕಾಲ ಅವನ ಹೆಸರನ್ನೇ ಹೊತ್ತಿತ್ತು. ಅವನು ಮುಂದೆ ಗುಲಾಮಗಿರಿಯನ್ನು ಉಳಿಸಿಕೊಳ್ಳಲು ಹೋರಾಡಿದ ದಕ್ಷಿಣದ ಸೇನೆಯಲ್ಲಿ ಜನರಲ್ ಆದವನು. 2020ರಲ್ಲಿ ಆ ಹೆಸರು ತೆಗೆದು ಕೊಕ್ಕಿನ ಹೆಸರಿಟ್ಟರು. ನನ್ನಂಥವರಿಗೆ ಲಾಭವೇ ಆಯಿತು, ಹೆಸರಿನಲ್ಲೇ ಗುರುತು ಇದೆ.

ಏಪ್ರಿಲ್ 12

ಬಾಲ, ಬಾಲ, ಬಾಲ. ಮೂರು ವರ್ಷಕ್ಕೆ ನನಗೆ ಬುದ್ಧಿ ಬಂದದ್ದು ಇಷ್ಟು. ಕೈಪಿಡಿಯ ಚಿತ್ರಗಳಲ್ಲಿ ಹಕ್ಕಿ ಮದುವಣಗಿತ್ತಿಯಂತೆ ಪಕ್ಕಕ್ಕೆ ತಿರುಗಿ ನಿಂತು ಬಣ್ಣ ತೋರಿಸುತ್ತದೆ. ಬಯಲಿನ ಹಕ್ಕಿ ತೋರಿಸುವುದು ಬೆನ್ನು, ಅದೂ ಎದ್ದು ಹಾರುವ ಎರಡು ಸೆಕೆಂಡು. ಆ ಎರಡು ಸೆಕೆಂಡಿನಲ್ಲಿ ಬಾಲ ಬಿಚ್ಚಿಕೊಳ್ಳುತ್ತದೆ. ಬಿಳಿಯ ಮೇಲೆ ತಲೆಕೆಳಗಾದ ಕಪ್ಪು ‘ಟಿ’ ಕಂಡರೆ ದಪ್ಪ ಕೊಕ್ಕಿನದು. ಬಿಳಿಯ ಮೇಲೆ ಕಪ್ಪು ತ್ರಿಕೋನ ಕಂಡರೆ ಕಂದು ಕೊರಳಿನ ಲಾಂಗ್‌ಸ್ಪರ್. ಬಾಲವೆಲ್ಲ ಕಪ್ಪಾಗಿ ಅಂಚಿಗೆ ಮಾತ್ರ ಬಿಳಿ ದಾರದಂಥ ಗೆರೆ ಇದ್ದರೆ ಲಾರ್ಕ್.

ಗಂಡು ಲಾಂಗ್‌ಸ್ಪರ್ ಹಾಡುವುದನ್ನೂ ನೋಡಿದೆ. ಮೇಲಕ್ಕೆ ಹಾರಿ, ಎರಡೂ ರೆಕ್ಕೆ ಎತ್ತಿ ಹಿಡಿದು, ಹಾಡುತ್ತ ಹಾಡುತ್ತ ತೇಲಿ ಇಳಿಯುತ್ತದೆ. ಲಾರ್ಕ್ ಆದರೆ ಕಣ್ಣಿಗೆ ಕಾಣದಷ್ಟು ಎತ್ತರದಲ್ಲಿ ಹಾಡಿ, ಹಾಡು ಮುಗಿದ ಮೇಲೆ ಕಲ್ಲು ಬಿದ್ದಂತೆ ಬೀಳುತ್ತದೆ. ಬೀಳುವ ರೀತಿ ಗೊತ್ತಾದರೆ ಬೈನಾಕ್ಯುಲರ್ ಎತ್ತುವ ಅಗತ್ಯವೇ ಇಲ್ಲ.

ಏಪ್ರಿಲ್ 26

ಮಳೆ. ಜೇಡಿಮಣ್ಣಿನ ರಸ್ತೆಯಲ್ಲಿ ಚಕ್ರ ಹೂತಿತು. ರೊಟ್ಟಿ ಹಿಟ್ಟಿನಂತೆ ಮೆತ್ತುವ ಮಣ್ಣು. ಟ್ರ್ಯಾಕ್ಟರ್ ತಂದು ಎಳೆದುಕೊಟ್ಟ ರೈತ ಏನು ನೋಡಲು ಬಂದದ್ದು ಎಂದು ಕೇಳಿದ. ಹೇಳಿದೆ. ನಗಲಿಲ್ಲ, ಅದೇ ದೊಡ್ಡದು. ಹಕ್ಕಿ: ಸೊನ್ನೆ.

ಮೇ 17

ಇವತ್ತಿನ ಟಿಪ್ಪಣಿ ಉದ್ದವಿದೆ.

ಅಪ್ಪ ಚಳ್ಳಕೆರೆಯಿಂದ ಬಂದು ಹತ್ತು ದಿನವಾಗಿತ್ತು. ಮನೆಯಲ್ಲಿ ಕುಳಿತು ಬೇಸತ್ತಿದ್ದರು, ನಾನೂ ಬರುತ್ತೇನೆ ಎಂದರು. ಬೆಳಿಗ್ಗೆ ಆರಕ್ಕೆ ಬಯಲು ತಲುಪಿದಾಗ ಸುತ್ತ ಒಮ್ಮೆ ನೋಡಿ, “ಅಲ್ಲಮ್ಮ, ಇಷ್ಟು ದೂರ ವಿಮಾನ ಹತ್ತಿ ಬಂದದ್ದು ಕಾವಲು ನೋಡುವುದಕ್ಕಾ?” ಎಂದರು. ಅವರ ಮಾತು ಸುಳ್ಳಲ್ಲ. ಹುಡುಗನಾಗಿದ್ದಾಗ ಅವರು ದನ ಮೇಯಿಸಿದ್ದು ಅಮೃತಮಹಲ್ ಕಾವಲಿನ ಅಂಚಿನಲ್ಲಿ. ಇಲ್ಲಿಯದೂ ಹೆಬ್ಬೆರಳುದ್ದದ ಹುಲ್ಲು. ಬಫಲೋ ಹುಲ್ಲು ನಮ್ಮ ಗರಿಕೆಯಂತೆಯೇ ನೆಲದ ಮೇಲೆ ಬಳ್ಳಿ ಬಿಟ್ಟು ಹಬ್ಬುತ್ತದೆ. ಅದರ ಜೊತೆಗೆ ಬ್ಲೂ ಗ್ರಾಮಾ, ತೆನೆ ಬಂದಾಗ ಕಡ್ಡಿಗೆ ಹುಬ್ಬು ಅಂಟಿಸಿದಂತೆ ಕಾಣುವ ಹುಲ್ಲು. ನಡುನಡುವೆ ಪಾಪಾಸುಕಳ್ಳಿ. “ಇದು ಇಲ್ಲಿಗೂ ಬಂತಾ?” ಎಂದರು. ಇಲ್ಲಿಂದಲೇ ನಮ್ಮಲ್ಲಿಗೆ ಬಂದದ್ದು ಅಪ್ಪಾ ಎಂದೆ, ನಂಬಲಿಲ್ಲ.

ಬೇಲಿಯ ಮೇಲೆ ಲಾರ್ಕ್ ಬಂಟಿಂಗ್‌ಗಳು ಬಂದಿದ್ದವು, 1931ರಿಂದ ಕೊಲರಾಡೋದ ರಾಜ್ಯಪಕ್ಷಿ. ಗಂಡು ಕಪ್ಪು, ರೆಕ್ಕೆಯಲ್ಲಿ ದೊಡ್ಡ ಬಿಳಿ ತೇಪೆ. ಅಪ್ಪ ಅದಕ್ಕೆ ಮಡಿವಾಳ ಹಕ್ಕಿ ಎಂದು ಹೆಸರಿಟ್ಟು ಮುಂದೆ ಹೋದರು.

ನಾನು ಎಂದಿನಂತೆ ಹುಲ್ಲು ಚೆನ್ನಾಗಿದ್ದ ಕಡೆ ಸ್ಪಾಟಿಂಗ್ ಸ್ಕೋಪ್ ತಿರುಗಿಸಿ ಪ್ಲವರ್ ಹುಡುಕುತ್ತಿದ್ದೆ. ಒಂಬತ್ತು ಗಂಟೆಗೆಲ್ಲ ಬಿಸಿಲ್ಗುದುರೆ ಏಳತೊಡಗಿತು. ಅದು ಎದ್ದ ಮೇಲೆ ಸ್ಕೋಪಿನಲ್ಲಿ ಕಲ್ಲೂ ಕುಣಿಯುತ್ತದೆ, ಕಳ್ಳಿಯೂ ಕುಣಿಯುತ್ತದೆ. ಅಪ್ಪ ಇನ್ನೊಂದು ಕಿಟಕಿಯಿಂದ, ದನ ಮೇದು ಬೋಳಾಗಿದ್ದ ನೆಲವನ್ನು ನೋಡುತ್ತಿದ್ದರು.

“ಅಲ್ಲಿ ಸಗಣಿ ಓಡುತ್ತಿದೆ ನೋಡೇ.”

ತಮಾಷೆ ಎಂದುಕೊಂಡೆ. ಆದರೆ ಒಣಗಿದ ಸಗಣಿಗಳ ಸಾಲಿನಲ್ಲಿ ಒಂದು ನಿಜವಾಗಿಯೂ ಓಡಿತು, ನಿಂತಿತು, ಮತ್ತೆ ಓಡಿತು. ತಿರುಗಿದಾಗ ಬಿಳಿ ಎದೆ, ಬಿಳಿ ಹಣೆ, ನೆತ್ತಿಯ ಮುಂಭಾಗ ಕಪ್ಪು. ಎದೆಗೆ ಅಡ್ಡಪಟ್ಟಿ ಇಲ್ಲ. ಎರಡು ವರ್ಷ ನನ್ನನ್ನು ಆಟವಾಡಿಸಿದ ಕಿಲ್‌ಡಿಯರ್‌ಗೆ ಎದೆಯಲ್ಲಿ ಎರಡು ಕಪ್ಪು ಪಟ್ಟಿ. ಇದಕ್ಕೆ ಒಂದೂ ಇಲ್ಲ. ಮೌಂಟನ್ ಪ್ಲವರ್! ನಾನು ಉಸಿರು ಬಿಡುವಷ್ಟರಲ್ಲಿ ಅದು ಬೆನ್ನು ತಿರುಗಿಸಿ ಕುಳಿತಿತು. ಮುಗಿಯಿತು, ಮತ್ತೆ ಬರೀ ಸಗಣಿ. ಎಲ್ಲಿ ಕುಳಿತಿದೆ ಎಂದು ಗೊತ್ತಿದ್ದೂ ಕಾಣಲಿಲ್ಲ.

“ಟಿಟ್ಟಿಭವನ್ನು ಹುಲ್ಲಿನಲ್ಲಿ ಹುಡುಕುತ್ತಾರಾ ಯಾರಾದರೂ?” ಎಂದರು ಅಪ್ಪ. ಅವರಿಗೆ ಪ್ಲವರ್ ಗೊತ್ತಿಲ್ಲ, ಆದರೆ ಇದೂ ಟಿಟ್ಟಿಭದ ಕುಟುಂಬದ್ದೇ. ಬೋಳು ನೆಲದಲ್ಲಿ ಕಲ್ಲಿನ ನಡುವೆ ಮೊಟ್ಟೆ ಇಡುವ ಹಕ್ಕಿಯನ್ನು ಅವರು ಎಷ್ಟು ಸಲ ಕಂಡಿದ್ದರೋ.

ಹೆಸರಿನಲ್ಲಿ ಬೆಟ್ಟವಿದ್ದರೂ ಇದು ಬೆಟ್ಟ ಹತ್ತುವುದಿಲ್ಲ. ಹಿಂದೆ ಕಾಡೆಮ್ಮೆಯ ಬಂಧುವಾದ ಬೈಸನ್ ಮೇದು ತುಳಿದ ನೆಲ, ಬಿಲ ತೋಡಿ ಗುಂಪಾಗಿ ಬಾಳುವ ಅಳಿಲಿನ ಬಂಧುಗಳಾದ ಪ್ರೈರಿ ಡಾಗ್‌ಗಳು ಕತ್ತರಿಸಿ ಚೊಕ್ಕ ಮಾಡಿದ ನೆಲ ಇದಕ್ಕೆ ಬೇಕಿತ್ತು. ಈಗ ದನ ಮೇದದ್ದು. ಕಣ್ಣಿಗೆ ಹಾಳುಬಿದ್ದಂತೆ ಕಾಣುವ ನೆಲವೇ ಇದರ ಮನೆ. ನಾನು ಎರಡು ವರ್ಷ ಸೊಂಪಾದ ಹುಲ್ಲು ಹುಡುಕಿಕೊಂಡು ಹೋಗಿದ್ದೆ, ‘ಸಂರಕ್ಷಿತ’ ಎಂದರೆ ಹಸಿರಾಗಿರಬೇಕು ಎಂಬ ಅಂದಾಜಿನ ಮೇಲೆ.

ಮೇ 31

ಗೂಡು ಕಂಡಿದೆ. ಯಾವ ರಸ್ತೆ ಎಂದು ಬರೆಯುವುದಿಲ್ಲ, ಕೇಳಬೇಡಿ. ಗೂಡೆಂದರೆ ಅಂಗೈಯಗಲದ ಕುಳಿ, ಪಕ್ಕದಲ್ಲಿ ಒಂದು ಒಣ ಸಗಣಿ. ಬಿಸಿಲೇರಿದಾಗ ಹಕ್ಕಿ ಕಾವು ಕೊಡುವುದನ್ನು ಬಿಟ್ಟು ಎದ್ದು ನಿಂತು, ಮೊಟ್ಟೆಗಳಿಗೆ ತನ್ನ ಮೈಯ ನೆರಳು ಹಿಡಿಯಿತು. ಆಗ ಕಾಲಿನ ಸಂದಿಯಲ್ಲಿ ಮೂರೂ ಕಂಡವು, ಮಣ್ಣಿನ ಬಣ್ಣಕ್ಕೆ ಮಸಿ ಚಿಮುಕಿಸಿದಂತೆ. ನಿಂತದ್ದು ತಂದೆಯೋ ತಾಯಿಯೋ ಹೇಳಲಾರೆ. ಇವುಗಳಲ್ಲಿ ಹೆಣ್ಣು ಹಲವು ಸಲ ಮೂರು ಮೊಟ್ಟೆ ಇಟ್ಟು ಗಂಡಿಗೆ ಒಪ್ಪಿಸಿ, ಬೇರೆ ಕಡೆ ಇನ್ನೂ ಮೂರು ಇಟ್ಟು ತಾನು ಕಾವಿಗೆ ಕೂರುತ್ತದೆ. ಅಪ್ಪನಿಗೆ ಈ ಏರ್ಪಾಡು ಬಹಳ ಹಿಡಿಸಿತು, ಅಮ್ಮನಿಗೆ ಫೋನ್ ಮಾಡಿ ಹೇಳಿದರು.

ಇಪ್ಪತ್ತು ನಿಮಿಷ ನೋಡಿ ಹೊರಟೆವು.

ಜೂನ್ 21

ಕಳೆದ ವರ್ಷ ಬಿಲದ ಗೂಬೆಗಳಿದ್ದ ಪ್ರೈರಿ ಡಾಗ್ ಕೇರಿ ಸತ್ತುಹೋಗಿದೆ. ಕೂಗಿಲ್ಲ, ಓಡಾಟವಿಲ್ಲ, ಬಿಲದ ಬಾಯಿಗಳಲ್ಲಿ ಕಳೆ ಬೆಳೆದಿದೆ. ಪ್ಲೇಗ್ ಇರಬೇಕು. ಚಿಗಟದಿಂದ ಹರಡಿ ಇಡೀ ಕೇರಿಯನ್ನೇ ಬರಿದು ಮಾಡುತ್ತದೆ. ಬಿಲ ಕುಸಿದರೆ ಗೂಬೆಗೂ ಮನೆಯಿಲ್ಲ.

ನಾಲ್ಕು ಮೈಲಿ ಆಚೆಯ ಇನ್ನೊಂದು ಕೇರಿಯಲ್ಲಿ ಸಿಕ್ಕವು. ಬಿಲದ ಬಾಯಲ್ಲಿ ಐದು ಮರಿಗಳು ಸಾಲಾಗಿ ನಿಂತು ನಮ್ಮ ಕಾರಿಗೆ ಕತ್ತು ಕುಣಿಸಿದವು. ನಮ್ಮ ಹಾಲಕ್ಕಿಯ ಕುಲವೇ, ಉದ್ದ ಕಾಲು ಕೊಟ್ಟು ನೆಲಕ್ಕಿಳಿಸಿದಂತೆ. ಬಾಗಿಲಲ್ಲಿ ಸಗಣಿಯ ಚೂರುಗಳು ಹರಡಿದ್ದವು. ಅದು ಕಸವಲ್ಲ, ಸಗಣಿ ಹುಳುಗಳನ್ನು ಮನೆ ಬಾಗಿಲಿಗೇ ಕರೆಸಿಕೊಳ್ಳುವ ಉಪಾಯ. ಈ ವರ್ಷ ನನ್ನ ನೋಟ್‌ಬುಕ್ಕಿನಲ್ಲಿ ಸಗಣಿ ಎಂಬ ಶಬ್ದ ಯಾವ ಹಕ್ಕಿಯ ಹೆಸರಿಗಿಂತಲೂ ಹೆಚ್ಚು ಸಲ ಬಂದಿದೆ.

ಜೂನ್ 28

ಅಪ್ಪನ ಕೊನೆಯ ವಾರ. ವಿದ್ಯುತ್ ಕಂಬದ ಮೇಲೆ ಸ್ವೇನ್ಸನ್ಸ್ ಗಿಡುಗ. ಚಳಿಗಾಲಕ್ಕೆ ಅರ್ಜೆಂಟೀನಾದವರೆಗೆ ಹೋಗಿ ಮಿಡತೆ ತಿಂದು ಬರುತ್ತದೆ. 1995-96ರಲ್ಲಿ ಅಲ್ಲಿ ಮಿಡತೆಗೆ ಹೊಡೆದ ಔಷಧಿಯಿಂದ ಇವು ಸಾವಿರಾರು ಸಂಖ್ಯೆಯಲ್ಲಿ ಸತ್ತವು. ಯಾವ ಔಷಧಿ ಎಂದು ಅಪ್ಪ ಕೇಳಿದರು. ಮಾನೋಕ್ರೋಟೋಫಾಸ್ ಎಂದೆ. ಸ್ವಲ್ಪ ಹೊತ್ತು ಸುಮ್ಮನಿದ್ದು, “ನಾನೂ ಹತ್ತಿಗೆ ಹೊಡೆದಿದ್ದೇನೆ” ಎಂದರು. ಆಮೇಲೆ ಗಿಡುಗ ಹಾರುವವರೆಗೂ ಅದನ್ನೇ ನೋಡುತ್ತ ಕುಳಿತರು.

ಜುಲೈ 26

ಒಬ್ಬಳೇ ಹೋಗಿದ್ದೆ. ಗೂಡಿದ್ದ ಜಾಗದಲ್ಲಿ ಏನೂ ಇಲ್ಲ. ಮರಿಗಳು ಮೊಟ್ಟೆಯೊಡೆದ ಕೆಲವೇ ತಾಸಿನಲ್ಲಿ ನಡೆದುಬಿಡುತ್ತವೆ, ಆದ್ದರಿಂದ ಖಾಲಿ ಕುಳಿಯಿಂದ ಒಳ್ಳೆಯದನ್ನೂ ಕೆಟ್ಟದ್ದನ್ನೂ ಹೇಳಲಾಗದು. ಎರಡು ಮೈಲಿ ದೂರದ ಬೋಳು ಹೊಲದಲ್ಲಿ ಹನ್ನೊಂದು ಪ್ಲವರ್‌ಗಳು ಗುಂಪಾಗಿದ್ದವು, ಕ್ಯಾಲಿಫೋರ್ನಿಯಾದ ಕಡೆ ಹೊರಡುವ ತಯಾರಿ. ಸ್ಕೋಪ್ ಇಲ್ಲದೆ ಎಣಿಸಿದೆ. ಮೊದಲು ಒಂಬತ್ತು ಎಂದುಕೊಂಡಿದ್ದೆ, ಇನ್ನೆರಡು ಓಡಿದಾಗ ತಿದ್ದಿದೆ.

ಕಂದು ಹಕ್ಕಿಗಳ ಪಟ್ಟಿ 14ಕ್ಕೆ ನಿಂತಿದೆ, ಹಟ ಗೆಲ್ಲಲಿಲ್ಲ. ಅದರಲ್ಲಿ ಒಂಬತ್ತು ಸ್ಪ್ಯಾರೋಗಳು. ಅವುಗಳಲ್ಲಿ ನಾಲ್ಕು ಕ್ಯಾಸಿನ್ಸ್ ಸ್ಪ್ಯಾರೋ ಆಗಿರಬಹುದು, ಬ್ರೂವರ್ಸ್ ಕೂಡ ಆಗಿರಬಹುದು. ನಾಲ್ಕೂ ಸಲ ಹಕ್ಕಿ ನನಗೆ ಮುಖ ತೋರಿಸಿತು, ಬಾಲ ತೋರಿಸಲಿಲ್ಲ.