ಕೆಲಸ ಹೋದಾಗ ಸಂಬಳದ ಜೊತೆಗೆ ಇನ್ನೇನು ಹೋಗುತ್ತದೆ?

ನಿರುದ್ಯೋಗಿಗಳು ಉದ್ಯೋಗದಲ್ಲಿರುವವರಿಗಿಂತ ತಮ್ಮ ಬದುಕಿನ ಬಗ್ಗೆ ಕಡಿಮೆ ತೃಪ್ತಿ ಸೂಚಿಸುತ್ತಾರೆ ಎಂಬುದು ಕುಟುಂಬ ಸಮೀಕ್ಷೆಯ ದತ್ತಾಂಶವನ್ನು ಒಮ್ಮೆ ತೆರೆದು ನೋಡಿದವರಿಗೂ ಕಾಣುವ ಸಂಗತಿ. ಇಷ್ಟರಿಂದ ಹೆಚ್ಚೇನೂ ತಿಳಿದಂತಾಗುವುದಿಲ್ಲ. ಕೆಲಸ ಹೋದದ್ದರಿಂದ ಮನಸ್ಸು ಕುಗ್ಗಿತೋ, ಮೊದಲೇ ಕುಗ್ಗಿದ್ದವರು ಕೆಲಸ ಉಳಿಸಿಕೊಳ್ಳಲಾರದೆ ಹೋದರೋ? ಕುಗ್ಗಿದ್ದು ಆದಾಯ ನಿಂತದ್ದಕ್ಕೋ, ಆದಾಯಕ್ಕೆ ಹೊರತಾದ ಬೇರೇನೋ ಕೈತಪ್ಪಿದ್ದಕ್ಕೋ? ಬೇರೆ ಬೇರೆ ಜನರನ್ನು ಒಂದೇ ಸಲ ಪ್ರಶ್ನಿಸಿ ಹಿಂದಿರುಗುವ ಸಮೀಕ್ಷೆಯಿಂದ, ಅದರ ಮಾದರಿ ಎಷ್ಟೇ ದೊಡ್ಡದಾಗಿರಲಿ, ಈ ಪ್ರಶ್ನೆಗಳು ಬಗೆಹರಿಯುವುದಿಲ್ಲ.

ಅದಕ್ಕೆ ಅದೇ ಮನೆಗಳಿಗೆ, ಅದೇ ವ್ಯಕ್ತಿಗಳ ಬಳಿಗೆ, ಮತ್ತೆ ಮತ್ತೆ ಹೋಗಬೇಕಾಗುತ್ತದೆ. ಇಂಥ ಸಮೀಕ್ಷೆಗೆ ‘ಪ್ಯಾನೆಲ್’ ಎನ್ನುತ್ತಾರೆ. ಅಮೆರಿಕದಲ್ಲಿ 1968ರಲ್ಲಿ ಆರಂಭವಾದ ಆದಾಯ ಚಲನೆಯ ಪ್ಯಾನೆಲ್ ಅಧ್ಯಯನ, ಪಶ್ಚಿಮ ಜರ್ಮನಿಯಲ್ಲಿ 1984ರಲ್ಲಿ ಸುಮಾರು 6,000 ಮನೆಗಳಿಂದ ಶುರುವಾದ ಸಾಮಾಜಿಕ-ಆರ್ಥಿಕ ಪ್ಯಾನೆಲ್, ಬ್ರಿಟನ್ನಿನಲ್ಲಿ 1991ರಿಂದ ನಡೆದು ಮುಂದೆ ಇನ್ನೂ ದೊಡ್ಡದೊಂದು ಅಧ್ಯಯನದೊಳಗೆ ಸೇರಿದ ಕುಟುಂಬ ಪ್ಯಾನೆಲ್ ಇವೆಲ್ಲ ಆ ಬಗೆಯವು. ಜರ್ಮನಿಯವರು 1990ರ ಜೂನ್‌ನಲ್ಲಿ, ಎರಡೂ ಭಾಗಗಳ ನಾಣ್ಯ ಒಂದಾಗುವ ಮುನ್ನವೇ, ಪೂರ್ವ ಭಾಗದ ಮನೆಗಳನ್ನೂ ಸಮೀಕ್ಷೆಗೆ ಸೇರಿಸಿಕೊಂಡರು. ಆ ತುರ್ತಿನ ನಿರ್ಧಾರ ಇಲ್ಲದಿದ್ದರೆ, ಒಂದು ಇಡೀ ಆರ್ಥಿಕ ವ್ಯವಸ್ಥೆ ಬದಲಾಗುವ ಮೊದಲು ಜನ ತಮ್ಮ ಕೆಲಸದ ಬಗ್ಗೆ, ಬದುಕಿನ ಬಗ್ಗೆ ಏನು ಹೇಳುತ್ತಿದ್ದರೆಂಬುದು ದಾಖಲಾಗದೆಯೇ ಕಳೆದುಹೋಗುತ್ತಿತ್ತು. ಇಂಥ ಅಧ್ಯಯನಗಳಲ್ಲಿ ಮನೆ ಒಡೆದರೂ ಜಾಡು ಬಿಡುವುದಿಲ್ಲ. ಮಕ್ಕಳು ಬೆಳೆದು ಬೇರೆ ಸಂಸಾರ ಹೂಡಿದರೆ ಆ ಹೊಸ ಮನೆಯೂ ಮಾದರಿಯೊಳಗೆ ಬರುತ್ತದೆ.

ಒಬ್ಬನನ್ನು ಇನ್ನೊಬ್ಬನೊಂದಿಗೆ ಹೋಲಿಸದೆ, ಆತನನ್ನು ಆತನ ಹಿಂದಿನ ವರ್ಷಗಳೊಂದಿಗೇ ಹೋಲಿಸಬಹುದು ಎಂಬುದು ಇದರ ದೊಡ್ಡ ಲಾಭ. ಸೊನ್ನೆಯಿಂದ ಹತ್ತರವರೆಗಿನ ಅಳತೆಯಲ್ಲಿ ನಿಮ್ಮ ‘ಏಳು’ ಮತ್ತು ನನ್ನ ‘ಏಳು’ ಒಂದೇ ಎಂದು ಯಾರೂ ಭರವಸೆ ಕೊಡಲಾರರು. ಸ್ವಭಾವತಃ ಹರ್ಷಚಿತ್ತರಾದವರು, ಸ್ವಭಾವತಃ ಗೊಣಗುವವರು ಉದ್ಯೋಗಿಗಳಲ್ಲೂ ನಿರುದ್ಯೋಗಿಗಳಲ್ಲೂ ಇರುತ್ತಾರೆ. ಆ ಸ್ವಭಾವ ಹೆಚ್ಚು ಬದಲಾಗುವುದಿಲ್ಲ ಎಂದು ಒಪ್ಪಿದರೆ, ಕೆಲಸ ಇದ್ದ ವರ್ಷ ಏಳು ಎಂದವರು ಇಲ್ಲದ ವರ್ಷ ಐದು ಎಂದಾಗ ಸ್ವಭಾವದ ಪ್ರಭಾವ ಲೆಕ್ಕದಿಂದ ಹೊರಗೆ ಹೋಗಿ, ಉಳಿದ ವ್ಯತ್ಯಾಸಕ್ಕೆ ಅರ್ಥ ಬರುತ್ತದೆ. ಜರ್ಮನಿಯ ಪ್ಯಾನೆಲ್ಲಿನ 1984ರಿಂದ 1989ರವರೆಗಿನ ದತ್ತಾಂಶವನ್ನು ಹೀಗೆ ಪರಿಶೀಲಿಸಿ ಅರ್ಥಶಾಸ್ತ್ರಜ್ಞರಾದ ವಿಂಕೆಲ್‌ಮನ್ ದಂಪತಿ 1998ರಲ್ಲಿ ಪ್ರಕಟಿಸಿದ ಲೇಖನ ಈ ಕ್ಷೇತ್ರದಲ್ಲಿ ಇಂದಿಗೂ ಉಲ್ಲೇಖಗೊಳ್ಳುತ್ತದೆ. ಅವರು ಕಂಡಂತೆ, ಆದಾಯದ ಇಳಿಕೆಯಿಂದ ವಿವರಿಸಬಹುದಾದ ಭಾಗಕ್ಕಿಂತ ಆದಾಯಕ್ಕೆ ಸಂಬಂಧಿಸದ ನಷ್ಟವೇ ಬಹಳ ದೊಡ್ಡದು. ನಿರುದ್ಯೋಗ ಭತ್ಯೆಯ ಚರ್ಚೆ ನಡೆದಾಗಲೆಲ್ಲ ಈ ಫಲಿತಾಂಶ ನನಗೆ ನೆನಪಾಗುತ್ತದೆ. ಭತ್ಯೆ ಅಗತ್ಯವೇ, ಆದರೆ ಅದು ತುಂಬಿಕೊಡುವುದು ನಷ್ಟದ ಚಿಕ್ಕ ಭಾಗವನ್ನು.

ಹಾಗಾದರೆ ಆ ದೊಡ್ಡ ಭಾಗ ಯಾವುದು? ಅಂಕಿಅಂಶದ ಈ ತಂತ್ರಗಳು ಹುಟ್ಟುವುದಕ್ಕೆ ಬಹಳ ಮೊದಲೇ, 1930ರ ದಶಕದ ಆರಂಭದಲ್ಲಿ, ಆಸ್ಟ್ರಿಯದ ಮಾರಿಯಂಟಾಲ್ ಎಂಬಲ್ಲಿ ಇದಕ್ಕೊಂದು ಉತ್ತರದ ಸುಳಿವು ಸಿಕ್ಕಿತ್ತು. ಜವಳಿ ಗಿರಣಿ ಮುಚ್ಚಿ ಇಡೀ ಊರು ಕೆಲಸ ಕಳೆದುಕೊಂಡಾಗ ಸಮಾಜ ಮನೋವಿಜ್ಞಾನಿ ಮರೀ ಯಹೋಡಾ ಮತ್ತು ಸಂಗಡಿಗರು ಅಲ್ಲಿ ಮನೆಮನೆಯ ವಿವರ ಬರೆದುಕೊಂಡರು, ದಿನಚರಿ ಕೇಳಿದರು, ಬೀದಿಯಲ್ಲಿ ಜನ ನಡೆಯುವ ವೇಗವನ್ನು ಕೂಡ ಅಳೆದರು. ಬಿಡುವು ಹೆಚ್ಚಿದ್ದರೂ ಗ್ರಂಥಾಲಯದಿಂದ ಪುಸ್ತಕ ಪಡೆಯುವವರು ಕಡಿಮೆಯಾಗಿದ್ದರು. ಗಂಡಸರ ನಡಿಗೆ ನಿಧಾನವಾಗಿತ್ತು. ಮುಂದೆ ಯಹೋಡಾ ಇದನ್ನೇ ಬೆಳೆಸಿ, ಉದ್ಯೋಗವು ಸಂಬಳವಲ್ಲದೆ ದಿನಕ್ಕೊಂದು ಕಟ್ಟು, ಮನೆಯಾಚೆಯ ಒಡನಾಟ, ಹಲವರ ಜೊತೆಗೂಡಿದ ಉದ್ದೇಶ, ಸ್ಥಾನಮಾನ ಮತ್ತು ನಿಯಮಿತ ಚಟುವಟಿಕೆಯನ್ನು ಕೊಡುತ್ತದೆ ಎಂದು ವಾದಿಸಿದರು.

ಇವುಗಳಲ್ಲಿ ಸ್ಥಾನಮಾನವೇ ಮುಖ್ಯವಿರಬೇಕೆಂದು ನನಗೆ ಅನಿಸುವುದಕ್ಕೆ ಎರಡು ಫಲಿತಾಂಶಗಳು ಕಾರಣ. ಬ್ರಿಟನ್ನಿನ ಪ್ಯಾನೆಲ್ ಬಳಸಿ ಅರ್ಥಶಾಸ್ತ್ರಜ್ಞ ಆಂಡ್ರ್ಯೂ ಕ್ಲಾರ್ಕ್ 2003ರಲ್ಲಿ ತೋರಿಸಿದಂತೆ, ಸುತ್ತಮುತ್ತ ನಿರುದ್ಯೋಗ ಹೆಚ್ಚಿರುವಲ್ಲಿ, ಅಥವಾ ಮನೆಯಲ್ಲೇ ಸಂಗಾತಿಗೂ ಕೆಲಸವಿಲ್ಲದಿರುವಾಗ, ನಿರುದ್ಯೋಗಿಯ ಮನಸ್ಸಿಗೆ ಆಗುವ ಪೆಟ್ಟು ಕಡಿಮೆ. ಜರ್ಮನಿಯ ದತ್ತಾಂಶದಿಂದ 2014ರಲ್ಲಿ ಬಂದ ಇನ್ನೊಂದು ಅಧ್ಯಯನ ಇದಕ್ಕಿಂತ ಸ್ವಾರಸ್ಯಕರವಾದುದು. ದೀರ್ಘಕಾಲ ಕೆಲಸವಿಲ್ಲದೆ ಇದ್ದವರು ನಿವೃತ್ತರೆಂದು ಘೋಷಿತರಾದೊಡನೆ ಅವರ ಜೀವನ ತೃಪ್ತಿ ಗಣನೀಯವಾಗಿ ಏರುತ್ತದೆ, ಆದರೆ ಕೆಲಸದಲ್ಲಿದ್ದು ನಿವೃತ್ತರಾಗುವವರಲ್ಲಿ ಅಂಥ ಏರಿಕೆ ಕಾಣುವುದಿಲ್ಲ. ದಿನಚರಿ ಬದಲಾಗಿರುವುದಿಲ್ಲ, ಬದಲಾಗಿರುವುದು ‘ನೀವು ಏನು ಮಾಡುತ್ತೀರಿ’ ಎಂದು ಕೇಳಿದವರಿಗೆ ಕೊಡುವ ಉತ್ತರ ಮಾತ್ರ.

ಆದರೂ ಏನನ್ನು ಕೇಳಿದೆವು ಎಂಬುದರ ಮೇಲೆ ಬಹಳಷ್ಟು ನಿಂತಿದೆ. ಇಡೀ ಬದುಕಿಗೆ ಅಂಕ ಕೊಡಿ ಎನ್ನದೆ, ನಿನ್ನೆಯ ದಿನವನ್ನು ತುಣುಕು ತುಣುಕಾಗಿ ನೆನಪಿಸಿಕೊಂಡು ಪ್ರತಿ ಹೊತ್ತಿನಲ್ಲೂ ಹೇಗೆನಿಸಿತು ಎಂದು ಕೇಳುವ ವಿಧಾನವೊಂದಿದೆ. ಜರ್ಮನಿಯಲ್ಲೇ ಹೀಗೆ ಕೇಳಿದ ಸಂಶೋಧಕರಿಗೆ 2010ರಲ್ಲಿ ಸಿಕ್ಕ ಚಿತ್ರ ಬೇರೆ. ನಿರುದ್ಯೋಗಿಗಳ ಜೀವನ ತೃಪ್ತಿ ಕೆಳಗಿದ್ದರೂ ದಿನದ ಒಟ್ಟು ಅನುಭವ ಉದ್ಯೋಗಿಗಳಿಗಿಂತ ಕೆಟ್ಟದಾಗಿರಲಿಲ್ಲ, ಏಕೆಂದರೆ ಉದ್ಯೋಗಿಗಳು ದುಡಿಮೆಯಲ್ಲಿ ಕಳೆಯುವ ಗಂಟೆಗಳು ಅಷ್ಟೇನೂ ಹಿತವಾದವಲ್ಲ. ಇವೆರಡರಲ್ಲಿ ಯಾವುದು ‘ನಿಜವಾದ’ ಕ್ಷೇಮ ಎಂದು ಜಗಳವಾಡುವವರಿದ್ದಾರೆ. ಎರಡನ್ನೂ ಪ್ರತ್ಯೇಕವಾಗಿ ವರದಿ ಮಾಡಬೇಕು, ಕೂಡಿಸಿ ಒಂದೇ ಸೂಚ್ಯಂಕ ಮಾಡಬಾರದು ಎಂಬುದು ನನ್ನ ನಿಲುವು.

ಪ್ರಶ್ನಾವಳಿಯ ಸಣ್ಣ ಸಂಗತಿಗಳಿಗೂ ದೊಡ್ಡ ಪರಿಣಾಮವಿದೆ. ಬ್ರಿಟನ್ನಿನ ಪ್ಯಾನೆಲ್ಲಿನ ಮೊದಲ ಸುತ್ತಿನಲ್ಲಿ ಉದ್ಯೋಗ ತೃಪ್ತಿಯ ಏಳು ಅಂಕಗಳ ಪೈಕಿ ಕೆಲವಕ್ಕೆ ಮಾತ್ರ ಪದಗಳ ವಿವರಣೆ ಇತ್ತು. ಮರುಸುತ್ತಿನಲ್ಲಿ ಎಲ್ಲಕ್ಕೂ ಕೊಟ್ಟಾಗ ಉತ್ತರಗಳ ಹಂಚಿಕೆಯೇ ಬದಲಾಯಿತು. ಜನರ ಕೆಲಸ ಬದಲಾದದ್ದರಿಂದಲ್ಲ. ಉದ್ಯೋಗವನ್ನು ಅಳೆಯುವುದೂ ಸರಳವಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಘಟನೆಯ ಮಾನದಂಡದಂತೆ ಉಲ್ಲೇಖಿತ ವಾರದಲ್ಲಿ ಸಂಭಾವನೆಗಾಗಿ ಅಥವಾ ಲಾಭಕ್ಕಾಗಿ ಒಂದು ಗಂಟೆ ದುಡಿದವರೂ ಉದ್ಯೋಗಿಗಳೇ. ಇಡೀ ವಾರ ಮನೆಯ ಹಿರಿಯರ ಆರೈಕೆ ಮಾಡಿದವರು ಅಲ್ಲ, ಅವರ ದುಡಿಮೆಯನ್ನು ಕಾಣಬೇಕಾದರೆ ಸಮಯ ಬಳಕೆಯ ಸಮೀಕ್ಷೆಗೆ ಹೋಗಬೇಕು. ಮೇಲಾಗಿ ಅನೇಕ ಸಮೀಕ್ಷೆಗಳಲ್ಲಿ ಮನೆಯ ಒಬ್ಬರೇ ಎಲ್ಲರ ಪರವಾಗಿ ಉತ್ತರಿಸುತ್ತಾರೆ. ವಯಸ್ಸು, ಓದು, ಸಂಬಳದ ವಿಷಯದಲ್ಲಿ ಅದು ಹೇಗೋ ನಡೆದೀತು. ಬದುಕಿನ ತೃಪ್ತಿಯನ್ನು ಗಂಡನ ಬದಲು ಹೆಂಡತಿಯೋ, ಹೆಂಡತಿಯ ಬದಲು ಗಂಡನೋ ಹೇಳುವಂತಿಲ್ಲ.

ಎಲ್ಲಕ್ಕಿಂತ ಹೆಚ್ಚು ಕಾಡುವುದು ಪ್ಯಾನೆಲ್ ಬಿಟ್ಟು ಹೋಗುವವರ ಸಮಸ್ಯೆ. ಕೆಲಸ ಕಳೆದುಕೊಂಡವರು ಮನೆ ಬದಲಿಸುವ, ಊರು ಬಿಡುವ, ಸಂದರ್ಶಕರು ಬಂದಾಗ ಮಾತು ಬೇಡವೆನ್ನುವ ಸಾಧ್ಯತೆ ಹೆಚ್ಚು. ಹೀಗೆ ತಪ್ಪಿಹೋದವರನ್ನು ಹೋಲುವ, ಇನ್ನೂ ಉಳಿದಿರುವ ಮನೆಗಳಿಗೆ ಹೆಚ್ಚು ತೂಕ ಕೊಟ್ಟು ಸರಿದೂಗಿಸುವ ಪದ್ಧತಿಯಿದೆ. ಆದರೆ ಆ ತೂಕ ನಿಗದಿಯಾಗುವುದು ಹಿಂದಿನ ಸುತ್ತುಗಳಲ್ಲಿ ತಿಳಿದಿದ್ದ ವಯಸ್ಸು, ಆದಾಯ, ವಾಸಸ್ಥಳಗಳಿಂದ. ಮಾತು ನಿಲ್ಲಿಸಿದ ವರ್ಷ ಆ ವ್ಯಕ್ತಿಗೆ ಹೇಗೆನಿಸಿತ್ತು ಎಂಬುದರಿಂದಲ್ಲ. ಆದ್ದರಿಂದ ಪ್ಯಾನೆಲ್ಲುಗಳಿಂದ ಬರುವ ನಿರುದ್ಯೋಗದ ನಷ್ಟದ ಅಂದಾಜನ್ನು ನಾನು ಕನಿಷ್ಠ ಮಿತಿ ಎಂದು ಓದುತ್ತೇನೆ. ಹೊಸ ದತ್ತಾಂಶ ಕೈಗೆ ಬಂದಾಗಲೂ ಸರಾಸರಿಗಳ ಕೋಷ್ಟಕಕ್ಕಿಂತ ಮೊದಲು, ಹಿಂದಿನ ಸುತ್ತಿನಲ್ಲಿ ಅತಿ ಕಡಿಮೆ ಅಂಕ ಕೊಟ್ಟವರಲ್ಲಿ ಎಷ್ಟು ಮಂದಿ ಈ ಸುತ್ತಿಗೆ ಬಂದಿದ್ದಾರೆಂದು ಎಣಿಸುತ್ತೇನೆ.