ಮಳೆಗಾಲದ ಶಟಲ್, ಆಗಸ್ಟಿನ ಮೊಣಕೈ

ಜೂನ್‌ನಲ್ಲಿ ಮಳೆ ಹಿಡಿದರೆ ತೀರ್ಥಹಳ್ಳಿ, ಹೊಸನಗರ, ಸಾಗರದ ಕಡೆ ಮೈದಾನದ ಆಟ ಬಂದ್. ಸೂರಿನಡಿಯ ಶಟಲ್ ಒಂದೇ ಗತಿ. ಎಂಟು ತಿಂಗಳು ಬ್ಯಾಟು ಮುಟ್ಟದವರೂ ದಿನಾ ಎರಡು ತಾಸು ಬಾರಿಸುತ್ತಾರೆ. ಆಗಸ್ಟ್ ಹೊತ್ತಿಗೆ ಕಾಫಿ ಲೋಟ ಎತ್ತುವಾಗ, ಒದ್ದೆ ಬಟ್ಟೆ ಹಿಂಡುವಾಗ ಮೊಣಕೈಯ ಹೊರಬದಿಯ ಮೂಳೆಗಂಟಿನಲ್ಲಿ ಚುಳ್ ಎನ್ನತೊಡಗುತ್ತದೆ. ಅದೇ ಟೆನಿಸ್ ಎಲ್ಬೋ. ಟೆನಿಸ್ ಆಡಿರಲೇಬೇಕೆಂದಿಲ್ಲ, 2004ರಲ್ಲಿ ಸಚಿನ್ ತೆಂಡೂಲ್ಕರ್ ಅವರನ್ನು ಕಾಡಿದ್ದೂ ಇದೇ. ಕೈ ನೇರ ಚಾಚಿ, ಅಂಗೈ ಕೆಳಮುಖವಾಗಿಸಿ ಪ್ಲಾಸ್ಟಿಕ್ ಕುರ್ಚಿಯ ಬೆನ್ನು ಹಿಡಿದೆತ್ತಿ ನೋಡಿ, ಅಲ್ಲೇ ನೋವು ಬಂದರೆ ಬಹುತೇಕ ಖಾತ್ರಿ.

ಮಣಿಕಟ್ಟನ್ನು ಮೇಲಕ್ಕೆತ್ತುವ ಸ್ನಾಯುಗಳು ಆ ಗಂಟಿಗೇ ಕಟ್ಟಿಕೊಂಡಿವೆ. ಬ್ಯಾಟನ್ನು ಬಿಗಿ ಹಿಡಿದಷ್ಟೂ ಮಣಿಕಟ್ಟು ಬಾಗದಂತೆ ಅವು ಜಗ್ಗಬೇಕು. ಮಳೆಗಾಲದ ತೇವಕ್ಕೆ ಗ್ರಿಪ್ ಜಾರುತ್ತದೆ, ಜಾರಿದರೆ ಕೈ ತಾನಾಗಿ ಹಿಸುಕುತ್ತದೆ. ಮೊದಲು ಸರಿಮಾಡಬೇಕಾದ್ದು ಗ್ರಿಪ್ಪೇ. ಹಳೆಯದರ ಮೇಲೆ ಹೊಸದು ಸುತ್ತಿದರೆ ಹಿಡಿ ದಪ್ಪವಾಗಿ ಮತ್ತಷ್ಟು ಹಿಸುಕಬೇಕಾಗುತ್ತದೆ, ಬಿಚ್ಚಿ ಸುತ್ತಿ. ಟವೆಲ್ ಗ್ರಿಪ್ ಬೆವರು ಚೆನ್ನಾಗಿ ಕುಡಿಯುತ್ತದೆ, ಆದರೆ ಬ್ಯಾಗಿನೊಳಗೇ ಬಿಟ್ಟರೆ ನಮ್ಮ ಹವೆಗೆ ಬೂಸ್ಟು ಗ್ಯಾರಂಟಿ. ಹೊಡೆತದ ಕ್ಷಣಕ್ಕಷ್ಟೇ ಬಿಗಿ, ಉಳಿದಂತೆ ಬೆರಳು ಸಡಿಲ.

ಗಟ್ಟಿಂಗ್, ಅಂದರೆ ಬ್ಯಾಟಿನ ತಂತಿ ಬಿಗಿಸುವ ವಿಷಯದಲ್ಲಿ ಶೋಕಿ ಬೇಡ. ಹವ್ಯಾಸಕ್ಕೆ ಆಡುವವರಿಗೆ 20ರಿಂದ 23 ಪೌಂಡ್ ಬಿಗಿ ಸಾಕು. 28 ಹಾಕಿಸಿದರೆ ನಡುಮಧ್ಯಕ್ಕೆ ತಾಗದ ಪ್ರತಿ ಹೊಡೆತದ ಅದುರು ಮುಂಗೈಗೆ ಏರುತ್ತದೆ.

ನೋವು ಬಂದ ಮೇಲೆ ಕೈಯನ್ನು ಪೂರ್ತಿ ಕಟ್ಟಿಹಾಕಬೇಡಿ, ಸ್ನಾಯು ಇನ್ನೂ ಸೋಲುತ್ತದೆ. ಸ್ಮ್ಯಾಶ್, ಬ್ಯಾಕ್‌ಹ್ಯಾಂಡ್ ಕೆಲವು ವಾರ ಬಿಡಿ. ಮುಂಗೈಯನ್ನು ಮೇಜಿನ ಮೇಲಿಟ್ಟು, ಅಂಗೈ ಕೆಳಮುಖವಾಗಿ, ಮಣಿಕಟ್ಟು ಅಂಚಿನಾಚೆ ಬರುವಂತೆ ಕೂರಿ. ಅರ್ಧ ಲೀಟರಿನ ತುಂಬಿದ ನೀರಿನ ಬಾಟಲಿ ಹಿಡಿಯಿರಿ. ಇನ್ನೊಂದು ಕೈಯಿಂದ ಮಣಿಕಟ್ಟನ್ನು ಮೇಲೆತ್ತಿಕೊಟ್ಟು, ನೋಯುವ ಕೈಯಲ್ಲಿ ನಾಲ್ಕು ಎಣಿಸುತ್ತ ನಿಧಾನ ಇಳಿಸಿ. ದಿನಕ್ಕೊಮ್ಮೆ, 15ರಂತೆ ಮೂರು ಸುತ್ತು. ಎತ್ತುವುದಕ್ಕೂ ಅದೇ ಕೈ ಬಳಸುವುದು ಎಲ್ಲರೂ ಮಾಡುವ ತಪ್ಪು. ಸಣ್ಣ ನೋವಿದ್ದರೆ ಸರಿ, ಮರುದಿನ ಬೆಳಿಗ್ಗೆ ಹೆಚ್ಚಾಗಿದ್ದರೆ ನೀರು ಕಡಿಮೆ ಮಾಡಿ. ಹಗುರಾಯಿತು ಅನಿಸಿದಾಗ ಒಂದು ಲೀಟರಿಗೆ ಏರಿಸಿ. ಆರರಿಂದ ಹನ್ನೆರಡು ವಾರ ಹಿಡಿಯುತ್ತದೆ, ವಾರದಲ್ಲಿ ಬಿಟ್ಟವರೇ ಜಾಸ್ತಿ.

ಪಟ್ಟಿ ಕಟ್ಟುವುದಾದರೆ ನೋವಿನ ಗಂಟಿನ ಮೇಲಲ್ಲ, ಎರಡು ಬೆರಳು ಕೆಳಗೆ, ಮುಂಗೈ ಸ್ನಾಯುವಿನ ಉಬ್ಬಿನ ಮೇಲೆ. ಸ್ಟಿರಾಯ್ಡ್ ಇಂಜೆಕ್ಷನ್ ಕೆಲವು ವಾರ ಹಾಯೆನಿಸುತ್ತದೆ. ಆದರೆ ವರ್ಷದ ಲೆಕ್ಕದಲ್ಲಿ ಚುಚ್ಚಿಸಿಕೊಂಡವರಿಗೇ ನೋವು ಮರುಕಳಿಸುವುದು ಹೆಚ್ಚು. ಬೆರಳು ಜೋಮು ಹಿಡಿದರೆ, ಕೀಲು ಊದಿದರೆ, ಕೈ ಪೂರ್ತಿ ಚಾಚಲಾಗದಿದ್ದರೆ ಮೂಳೆ ಡಾಕ್ಟರಿಗೆ ತೋರಿಸಿ.

ಇನ್ನು ಕೊಯ್ಲಿನ ಕಾಲ. ಮೆಟ್ಟುಗತ್ತಿಯಲ್ಲಿ ಅಡಿಕೆ ಸುಲಿಯುವುದು, ವೀಡ್ ಕಟರ್ ಹಿಡಿಯುವುದು, ಕಟ್ಟಿಗೆ ಒಡೆಯುವುದು, ಎಲ್ಲದಕ್ಕೂ ದುಡಿಯುವುದು ಇದೇ ಸ್ನಾಯು. ಹಗಲು ಸುಲಿದು ಸಂಜೆ ಆಡಿದರೆ ಅದಕ್ಕೆ ಎರಡು ಪಾಳಿ. ಸುಲಿದ ದಿನ ಬ್ಯಾಟು ಗೂಟದಲ್ಲೇ ಇರಲಿ.